ಹಿತ್ತಲಲ್ಲಿ ಮಿಗ್ ವೆಲ್ಡಿಂಗ್: ಬೀಡ್ ತುಂಬಾ ತೂತು, ವೈರ್ ಗೋಜಲು, ಎಂಸಿಬಿ ಬೀಳ್ತಿದೆ

ಜೋಗಿಮಟ್ಟಿ_ರಸ್ತೆ

ಎಲ್ಲರಿಗೂ ನಮಸ್ಕಾರ. ಊರು ಚಿತ್ರದುರ್ಗ. ಮನೆ ಹಿಂದೆ ಮೂರು ಕಡೆ ತೆರೆದಿರೋ ಶೀಟಿನ ಚಪ್ಪರ ಇದೆ. ಅಲ್ಲಿ ಮಿಗ್ ಮೆಷಿನ್ (ರಾಡ್ ಬದಲು ಸ್ಪೂಲ್‌ನಿಂದ ವೈರ್ ತಾನೇ ಬಂದು ಕರಗೋ ವೆಲ್ಡಿಂಗ್) ಇಟ್ಟುಕೊಂಡು ಗೇಟು, ಕಿಟಕಿ ಗ್ರಿಲ್, ಹೊಲದ ಸಾಮಾನಿನ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳೋ ಉದ್ದೇಶ. ರಾಡ್ ವೆಲ್ಡಿಂಗ್ ಕೈಗೆ ಅಭ್ಯಾಸ ಇದೆ, ಮಿಗ್ ಹೊಸದು.

ಮೆಷಿನ್ 200 ಆಂಪ್ ಇನ್ವರ್ಟರ್, ಸಿಂಗಲ್ ಫೇಸ್. ಗ್ಯಾಸ್ ಹಾಕಿಯೂ ನಡೆಯುತ್ತೆ, ಗ್ಯಾಸ್ ಇಲ್ಲದೆಯೂ ನಡೆಯುತ್ತೆ. ಜೊತೆಯಲ್ಲಿ ಬಂದಿದ್ದ 1 ಕೆಜಿ ಫ್ಲಕ್ಸ್ ಕೋರ್ ವೈರ್ (ಗ್ಯಾಸ್ ಬೇಡದ್ದು) ಮುಗಿಯಿತು. ಆಮೇಲೆ 0.8 ಎಂಎಂ ಸಾಲಿಡ್ ವೈರ್ 5 ಕೆಜಿ ಸ್ಪೂಲ್, ಸಿಓಟು ಸಿಲಿಂಡರ್, ರೆಗ್ಯುಲೇಟರ್ ತಂದು ಜೋಡಿಸಿದೆ. ಈಗಿನ ತೊಂದರೆ ಇಷ್ಟು:

ಬೀಡ್ (ವೆಲ್ಡ್ ಗೆರೆ) ಉದ್ದಕ್ಕೂ ಸಣ್ಣ ತೂತು, ಅಕ್ಕಪಕ್ಕ ಕಪ್ಪು ಮಸಿ. ಬೀಡ್ ಉಬ್ಬಿಕೊಂಡು ಮೇಲೆ ಕೂರುತ್ತೆ, ಸುತ್ತಿಗೆಯಲ್ಲಿ ಹೊಡೆದರೆ ಒಂದು ಕಡೆ ಬಿಟ್ಟುಕೊಳ್ಳುತ್ತೆ. ಗ್ಯಾಸ್ ನಿಮಿಷಕ್ಕೆ 12 ಲೀಟರ್‌ನಿಂದ 20ಕ್ಕೆ ಏರಿಸಿದರೂ ತೂತು ಹೋಗಲಿಲ್ಲ. ನಡುನಡುವೆ ರೋಲರ್ ಹತ್ತಿರ ವೈರ್ ಗೋಜಲು ಕಟ್ಟಿ ನಿಂತುಬಿಡುತ್ತೆ. 120 ಆಂಪ್ ದಾಟಿಸಿದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಆಫ್ ಆಗೋ ಸ್ವಿಚ್) ಬೀಳುತ್ತೆ. ಕರೆಂಟ್ ತಗೊಂಡಿರೋದು ಗೀಸರ್‌ನ 16 ಆಂಪ್ ಸಾಕೆಟ್‌ನಿಂದ, 20 ಮೀಟರ್ ಎಕ್ಸ್‌ಟೆನ್ಷನ್ ಡ್ರಮ್ ಹಾಕಿ.

ಸುರಕ್ಷತೆ ಬಗ್ಗೆಯೂ ಹೇಳಿ. ಆಟೋ ಡಾರ್ಕ್ ಹೆಲ್ಮೆಟ್ ಮತ್ತು ಚರ್ಮದ ಗ್ಲೌಸ್ ಇದೆ. ಮನೆಯಲ್ಲಿ ಮಕ್ಕಳಿದ್ದಾರೆ. ಜಿಐ ಪೈಪ್ ಕೆಲಸವೂ ಬರುತ್ತೆ.

ದಾವಣಗೆರೆ_ಶಟರ್

ಮೂರಕ್ಕೂ ಬೇರೆ ಬೇರೆ ಕಾರಣ ಐತ್ರಿ. ಕರೆಂಟಿನ ವಿಷಯ ವೈರಿಂಗ್ ಬಲ್ಲವರು ಹೇಳ್ಲಿ, ತೂತು ಮತ್ತು ಗೋಜಲಿನ ಬಗ್ಗೆ ನಾ ಹೇಳ್ತೀನಿ. ಸದ್ಯಕ್ಕೆ ವೋಲ್ಟು, ವೈರ್ ಸ್ಪೀಡು ಮುಟ್ಟಬ್ಯಾಡ್ರಿ. ಪೋಲಾರಿಟಿ, ರೋಲರ್, ಅರ್ಥ್ ಕ್ಲ್ಯಾಂಪ್, ಗ್ಯಾಸ್, ಈ ನಾಲ್ಕೂ ಸರಿ ಇಲ್ಲದಿದ್ರೆ ಡಯಲ್ ಎಲ್ಲಿಗೆ ತಿರುಗಿಸಿದ್ರೂ ಬೀಡ್ ಸುಧಾರಿಸೋದಿಲ್ಲ.

ಪೋಲಾರಿಟಿ ಮೊದಲು. ಬೀಡ್ ಉಬ್ಬಿ ಮೇಲೆ ಕೂರುತ್ತೆ, ಏಟಿಗೆ ಬಿಟ್ಟುಕೊಳ್ಳುತ್ತೆ ಅಂದ್ರಲ್ಲ, ಅದಕ್ಕೆ ಇಲ್ಲೇ ಕಾರಣ ಇರಬೇಕು. ಗ್ಯಾಸ್‌ಲೆಸ್ ಫ್ಲಕ್ಸ್ ಕೋರ್ ವೈರಿಗೆ ಟಾರ್ಚ್ (ಕೈಯಲ್ಲಿ ಹಿಡಿಯೋ ವೆಲ್ಡಿಂಗ್ ಗನ್) ಮೈನಸ್, ಅರ್ಥ್ ಕ್ಲ್ಯಾಂಪ್ ಪ್ಲಸ್. ಗ್ಯಾಸ್ ಹಾಕಿ ಸಾಲಿಡ್ ವೈರ್ ಓಡಿಸುವಾಗ ಪೂರಾ ಉಲ್ಟಾ: ಟಾರ್ಚ್ ಪ್ಲಸ್, ಕ್ಲ್ಯಾಂಪ್ ಮೈನಸ್. ಫ್ಲಕ್ಸ್ ವೈರ್ ಜೊತೆ ಬಂದ ಮೆಷಿನ್ನು ಸಾಮಾನ್ಯವಾಗಿ ಅದಕ್ಕೇ ಜೋಡಿಸಿರುತ್ತೆ. ಸ್ಪೂಲ್ ಬದಲಾಯಿಸಿದ್ರೂ ಕೇಬಲ್ ಬದಲಾಯಿಸಿಲ್ಲ ಅಂದ್ರೆ ಕಿಡಿ ಜಾಸ್ತಿ, ಒಳಗೆ ಇಳಿಯೋದು ಕಡಿಮೆ. ಪ್ಲಗ್ ಕಿತ್ತು, ಮುಂದಿನ ಪ್ಯಾನೆಲ್‌ನಲ್ಲಿರೋ ಗಿಡ್ಡ ಕೇಬಲ್ ಅಥವಾ ರೋಲರ್ ಹತ್ತಿರದ ಎರಡು ಬೋಲ್ಟು ನೋಡ್ರಿ, ಪ್ಲಸ್ ಮೈನಸ್ ಗುರುತು ಅಲ್ಲೇ ಇರುತ್ತೆ. ಸಾಕೆಟ್‌ಗೆ ತೂರಿಸಿ ತಿರುಗಿಸಿ ಬಿಗಿ ಮಾಡ್ರಿ. ಸಡಿಲ ಬಿಟ್ರೆ ಆ ಜಾಗ ಕಾದು ಪ್ಲಾಸ್ಟಿಕ್ ಕರಗುತ್ತೆ.

ಆಮೇಲೆ ರೋಲರ್. ಫ್ಲಕ್ಸ್ ವೈರ್ ಒಳಗೆ ಪುಡಿ ತುಂಬಿದ ಮೆತ್ತನೆ ಕೊಳವೆ, ಅದಕ್ಕೆ ಹಲ್ಲಿರೋ ರೋಲರ್ ಬೇಕು. ಸಾಲಿಡ್ ವೈರಿಗೆ ನುಣುಪಾದ ವಿ ಆಕಾರದ ತೋಡು, 0.8ರದ್ದು. ಹಲ್ಲಿನ ರೋಲರ್ ಮೇಲೆ ಸಾಲಿಡ್ ವೈರ್ ಓಡಿದ್ರೆ ಮೇಲಿನ ತಾಮ್ರದ ಲೇಪ ಕೆರೆದು ಪುಡಿ ಆಗ್ತದ. ಆ ಪುಡಿ ಲೈನರ್ (ಟಾರ್ಚ್ ಕೇಬಲ್ ಒಳಗೆ ವೈರ್ ಹಾಯೋ ಕೊಳವೆ) ಒಳಗೆ ಸೇರಿ ವೈರ್ ಎಳೆಯೋಕೆ ಬಿಗಿ ಆಗ್ತದ, ಹಿಂದಿನಿಂದ ರೋಲರ್ ತಳ್ಳಿ ತಳ್ಳಿ ಗೋಜಲು ಕಟ್ಟುತ್ತೆ. ರೋಲರ್ ಬಿಚ್ಚಿ ಕಣ್ಣಾರೆ ನೋಡ್ರಿ. ಹೆಚ್ಚಿನ ರೋಲರಿನಾಗ ಎರಡು ತೋಡು ಇರ್ತವ, ತಿರುಗಿಸಿ ಹಾಕಿದ್ರೆ ಸಾಕು.

ರೋಲರ್ ಒತ್ತಡ ಸೆಟ್ ಮಾಡೋದು ಹೀಗೆ. ಸ್ಪೂಲ್ ಬ್ರೇಕ್ ನಟ್ಟು ಎಷ್ಟು ಬಿಗಿ ಬೇಕು ಅಂದ್ರೆ ಟ್ರಿಗರ್ ಬಿಟ್ಟ ತಕ್ಷಣ ಸ್ಪೂಲ್ ನಿಲ್ಲಬೇಕು, ಕೈಯಲ್ಲಿ ಎಳೆದ್ರೆ ಸಲೀಸಾಗಿ ತಿರುಗಬೇಕು. ಟಾರ್ಚ್ ಕೇಬಲ್ ನೆಲದ ಮೇಲೆ ನೇರ ಹಾಸ್ರಿ. ನಾಜಲ್ (ಗ್ಯಾಸ್ ಬರೋ ಬಾಯಿ), ಟಿಪ್ (ವೈರ್ ಹೊರಗೆ ಬರೋ ತುದಿ) ಎರಡೂ ತೆಗೀರಿ. ವೈರ್ ತುದಿ ಚೂಪು ಇಲ್ಲದ ಹಾಗೆ ಕತ್ತರಿಸಿ ತೂರಿಸ್ರಿ, ಟಾರ್ಚ್ ಕಡೆಯಿಂದ ಹತ್ತು ಸೆಂಟಿಮೀಟರ್ ಹೊರಗೆ ಬರೋವರೆಗೆ ಓಡಿಸ್ರಿ. ಆ ಹೊತ್ತಿಗೆ ಟಾರ್ಚ್ ಬಾಯಿ ಮುಖದ ಕಡೆಗಾಗಲಿ, ಅಂಗೈ ಕಡೆಗಾಗಲಿ ಇರಬಾರದು, ವೈರ್ ಸೀದಾ ಚುಚ್ಚಿ ಒಳಗೆ ಹೋಗ್ತದ. ಟಿಪ್ ಹಾಕಿ, ಕ್ಲ್ಯಾಂಪ್ ಯಾವ ಕಬ್ಬಿಣಕ್ಕೂ ಕಚ್ಚಿಸದೆ, ಒಂದು ಮರದ ತುಂಡಿಗೆ ಓರೆಯಾಗಿ ಐದು ಸೆಂಟಿಮೀಟರ್ ದೂರದಿಂದ ವೈರ್ ಬಿಡ್ರಿ. ವೈರ್ ಬಾಗಿ ಸುರುಳಿ ಸುತ್ತುತ್ತಾ ಬರಬೇಕು. ಟಿಪ್ ಹತ್ತಿರ ತಡೆ ಸಿಕ್ಕಾಗ ರೋಲರ್ ಜಾರಬೇಕು. ಜಾರದೆ ತಳ್ಳುತ್ತಲೇ ಇದ್ರೆ ಒತ್ತಡ ಜಾಸ್ತಿ ಆಗೈತಿ, ಅರ್ಧ ಸುತ್ತು ಸಡಿಲ ಮಾಡ್ರಿ.

ಟಿಪ್ ಮೇಲೆ 0.8 ಅಂತ ಕೆತ್ತಿರಬೇಕು. ತೂತು ಸವೆದು ಮೊಟ್ಟೆಯಾಕಾರ ಆಗಿದ್ರೆ ಬಿಸಾಕ್ರಿ, ಸಣ್ಣ ದುಡ್ಡಿನ ಸಾಮಾನು ಅದು. ಪ್ರತಿ ಸ್ಪೂಲ್ ಬದಲಾಯಿಸುವಾಗ ಲೈನರ್‌ಗೆ ಕಂಪ್ರೆಸರ್ ಗಾಳಿ ಹೊಡೀರಿ. ಗೋಜಲು ಕಟ್ಟಿದಾಗ ಹಿಡಿದು ಜಗ್ಗಬ್ಯಾಡ್ರಿ. ರೋಲರ್ ಲಿವರ್ ಎತ್ತಿ, ಗೋಜಲು ಕತ್ತರಿಸಿ ತೆಗೆದು, ಉಳಿದ ವೈರನ್ನ ಟಾರ್ಚ್ ಕಡೆಯಿಂದ ಎಳೀರಿ.

ಅರ್ಥ್ ಕ್ಲ್ಯಾಂಪ್ ಜಾಬಿಗೇ (ವೆಲ್ಡ್ ಮಾಡೋ ಕಬ್ಬಿಣಕ್ಕೇ) ಕಚ್ಚಬೇಕು, ಬಣ್ಣ ತುಕ್ಕು ತೆಗೆದು ಬೆಳ್ಳಗೆ ಮಾಡಿದ ಜಾಗಕ್ಕೆ. ವೆಲ್ಡ್ ಮಾಡೋ ಜಾಗವೂ ಎರಡೂ ಕಡೆ 20 ಎಂಎಂ ಅಗಲ ಗ್ರೈಂಡ್ ಆಗಬೇಕು. ರಾಡ್‌ನಲ್ಲಿ ತುಕ್ಕು, ರೆಡ್ ಆಕ್ಸೈಡ್ ಮೇಲೆಯೂ ಹೆಂಗೋ ನಡೆದುಬಿಡುತ್ತೆ, ರಾಡಿನ ಫ್ಲಕ್ಸ್ ಕೊಳೆ ತೊಳೆಯುತ್ತೆ. ಸಾಲಿಡ್ ಮಿಗ್ ವೈರಿಗೆ ಆ ಶಕ್ತಿ ಕಡಿಮೆ. ಬಣ್ಣ, ಎಣ್ಣೆ ಸುಟ್ಟ ಹೊಗೆ ಬೀಡಿನ ಒಳಗೇ ಸಿಕ್ಕಿ ತೂತು ಆಗುತ್ತೆ. ವೈರ್ ಡಬ್ಬಿ ಮೇಲೆ ಇಆರ್70ಎಸ್-6 ಅಂತ ಇದ್ರೆ ನಮ್ಮ ಕೆಲಸಕ್ಕೆ ಸರಿಯಾದದ್ದು.

ಇನ್ನು ಗ್ಯಾಸ್, ನಿಮ್ಮ ಊರಿನ ಮುಖ್ಯ ಸಮಸ್ಯೆ ಇಲ್ಲೇ ಐತಿ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸ್ಯಾರ ಅಂದ್ರೆ ಗಾಳಿ ಎಷ್ಟು ಅಂತ ಬೇರೆ ಹೇಳಬೇಕಿಲ್ಲ. ಸೆಕೆಂಡಿಗೆ 2 ಮೀಟರ್ ಗಾಳಿ ಬೀಸಿದ್ರೆ ಸಾಕು, ನಾಜಲ್‌ನಿಂದ ಬಂದ ಗ್ಯಾಸಿನ ಮುಸುಕು ಹಾರಿಹೋಗ್ತದ. ಮುಖಕ್ಕೆ ತಣ್ಣಗೆ ತಾಗಿದ್ದು ಗೊತ್ತಾಗುತ್ತೆ, ಗಿಡದ ಎಲೆ ಅಲುಗಾಡುತ್ತೆ ಅಂದ್ರೆ ಆಗಲೇ ಅಷ್ಟು ಗಾಳಿ ಐತಿ. ಇದಕ್ಕೆ ಗ್ಯಾಸ್ 20ಕ್ಕೆ ಏರಿಸೋದು ಪರಿಹಾರ ಅಲ್ಲ. ನಾಜಲ್‌ನಿಂದ ರಭಸವಾಗಿ ಬಂದ ಗ್ಯಾಸ್ ಸುಳಿ ಸುತ್ತಿ ಹೊರಗಿನ ಗಾಳಿಯನ್ನ ತಾನೇ ಒಳಗೆ ಎಳ್ಕೊಳ್ತದ, ತೂತು ಇನ್ನೂ ಜಾಸ್ತಿ ಆಗಬಹುದು. 10ರಿಂದ 12 ಲೀಟರ್‌ಗೆ ವಾಪಸ್ ತರ್ರಿ, ಅದೂ ಟ್ರಿಗರ್ ಒತ್ತಿ ಗ್ಯಾಸ್ ಹರಿಯುವಾಗ ನೋಡಿ. ಗಾಳಿ ಬರೋ ಎರಡು ಕಡೆಗೆ ಹಳೇ ಶೀಟು ನಿಲ್ಲಿಸ್ರಿ, ಜಾಬಿನ ಹತ್ತಿರ ಸೊಂಟದೆತ್ತರ ಇದ್ರೂ ನಡೆಯುತ್ತೆ. ಪ್ಲಾಸ್ಟಿಕ್ ತಾಡಪಾಲು ಕಟ್ಟಬ್ಯಾಡ್ರಿ, ಕಿಡಿಗೆ ಹತ್ತಿಕೊಳ್ತದ.

ಗಾಳಿಯೋ ಬೇರೆಯೋ ಅಂತ ತಿಳಿಯೋಕೆ: ಸಣ್ಣ ತುಂಡೊಂದನ್ನ ಚೆನ್ನಾಗಿ ಗ್ರೈಂಡ್ ಮಾಡಿ, ಗಾಳಿ ಬೀಳದ ಗೋಡೆ ಮರೆಯಲ್ಲಿ ಒಂದು ಬೀಡ್ ಎಳೀರಿ. ತೂತು ಇಲ್ಲ ಅಂದ್ರೆ ಗಾಳಿಯದೇ ಕಾಟ. ಅಲ್ಲೂ ತೂತು ಬಂದ್ರೆ ನಾಜಲ್ ಒಳಗೆ ಕಿಡಿ ಕಾಳು ಕಟ್ಟಿಕೊಂಡಿದೆಯಾ, ಪೈಪು ಮಡಚಿದೆಯಾ, ಟಾರ್ಚ್ ಮೆಷಿನ್ನಿಗೆ ಕೂರೋ ಕಡೆ ರಬ್ಬರ್ ರಿಂಗ್ ಹರಿದಿದೆಯಾ ನೋಡ್ರಿ. ಸೋಪಿನ ನೀರು ಹಚ್ಚಿದ್ರೆ ಸೋರಿಕೆ ಗುಳ್ಳೆ ಏಳುತ್ತೆ.

ಸಿಓಟು ಸಿಲಿಂಡರಿನಾಗ ಗ್ಯಾಸ್ ದ್ರವ ಆಗಿ ಇರ್ತದ. ಹಂಗಾಗಿ ಒಳಗಿನ ದ್ರವ ಪೂರಾ ಮುಗಿಯೋವರೆಗೂ ಗೇಜ್ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರ್ತದ, ಮುಳ್ಳು ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕೆ ಆಗಲ್ಲ. ತಕ್ಕಡಿ ಮೇಲೆ ಇಟ್ಟು, ಕುತ್ತಿಗೆ ಮೇಲೆ ಕೆತ್ತಿದ ಖಾಲಿ ತೂಕ ಕಳೀರಿ. 1 ಕೆಜಿ ಸಿಓಟು ಅಂದ್ರೆ ಸುಮಾರು 540 ಲೀಟರ್ ಗ್ಯಾಸು, ನಿಮಿಷಕ್ಕೆ 10 ಲೀಟರಿನಂತೆ ಮುಕ್ಕಾಲು ಗಂಟೆ ದಾಟಿ ಆರ್ಕ್ ನಡೆಯುತ್ತೆ. ಸಿಲಿಂಡರ್ ಯಾವತ್ತೂ ನಿಂತೇ ಇರಬೇಕು, ಗೋಡೆಗೆ ಚೈನ್ ಹಾಕಿ ಕಟ್ರಿ. ಮಲಗಿಸಿದ್ರೆ ದ್ರವ ಸೀದಾ ರೆಗ್ಯುಲೇಟರ್‌ಗೆ ನುಗ್ಗುತ್ತೆ. ವಾಲ್ವ್ ತೆರೆಯುವಾಗ ರೆಗ್ಯುಲೇಟರ್ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ನಿಧಾನ ತಿರುಗಿಸ್ರಿ. ಹೈಡ್ರೋ ಟೆಸ್ಟ್ ತಾರೀಖು 5 ವರ್ಷ ದಾಟಿದ ಸಿಲಿಂಡರ್ ಕೊಟ್ರೆ ವಾಪಸ್ ಕೊಡ್ರಿ.

ಹಿರಿಯೂರು_ವೈರ್‌ಮನ್

ಎಂಸಿಬಿ ಬೀಳ್ತಿರೋದು ಒಳ್ಳೇದೇ, ಅದು ತನ್ನ ಕೆಲಸ ಮಾಡ್ತಿದೆ. 16 ತೆಗೆದು 32ರ ಎಂಸಿಬಿ ಹಾಕಿಬಿಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಗೋಡೆಯೊಳಗಿನ ಗೀಸರ್ ವೈರು ಅಷ್ಟು ಕರೆಂಟಿಗೆ ಹಾಕಿದ್ದಲ್ಲ. ಎಂಸಿಬಿ ಸುಮ್ಮನಿರುತ್ತೆ, ವೈರ್ ಗೋಡೆಯೊಳಗೆ ಸುಡುತ್ತೆ.

ಲೆಕ್ಕ ನೋಡಿ. 100 ಆಂಪ್, 19 ವೋಲ್ಟಿಗೆ ವೆಲ್ಡ್ ಮಾಡಿದರೆ ಹೊರಗೆ ಬರೋದು 1.9 ಕಿಲೋವ್ಯಾಟ್. ಮೆಷಿನ್ನಿನ ನಷ್ಟ ಮತ್ತು ಪವರ್ ಫ್ಯಾಕ್ಟರ್ ಎರಡೂ ಸೇರಿ 0.6ರ ಆಸುಪಾಸು ಅಂತ ಹಿಡಿದರೆ ಲೈನಿನಿಂದ ಎಳೆಯೋದು ಸುಮಾರು 14 ಆಂಪ್. 160 ಆಂಪ್, 22 ವೋಲ್ಟಿಗೆ ಅದು 26 ಆಂಪ್ ಆಗುತ್ತೆ. ಇದು 230 ವೋಲ್ಟ್ ಸರಿಯಾಗಿ ಬಂದಾಗ. ಸಂಜೆ ಹೊತ್ತು ವೋಲ್ಟೇಜ್ 190ಕ್ಕೆ ಇಳಿದರೆ ಇನ್ವರ್ಟರ್ ಅದೇ ಕೆಲಸಕ್ಕೆ 31 ಆಂಪ್ ಎಳೆಯುತ್ತೆ. ಅಂದರೆ ವೋಲ್ಟೇಜ್ ಬಿದ್ದಷ್ಟೂ ಕರೆಂಟ್ ಜಾಸ್ತಿ, ವೈರ್ ಕಾಯೋದು ಜಾಸ್ತಿ.

ಆದ್ದರಿಂದ ಮೀಟರ್ ಬೋರ್ಡ್‌ನಿಂದ ಚಪ್ಪರಕ್ಕೆ ಪ್ರತ್ಯೇಕ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಫೇಸ್ ನ್ಯೂಟ್ರಲ್ ಜೊತೆಗೆ ಅರ್ಥ್ ವೈರೂ, ಕಾಂಡ್ಯೂಟ್ ಪೈಪಿನೊಳಗೆ. 32 ಆಂಪ್ ಸಿ ಕರ್ವ್ ಡಬಲ್ ಪೋಲ್ ಎಂಸಿಬಿ, 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್), ಕೊನೆಗೆ 32 ಆಂಪ್‌ನ ನೀಲಿ ಇಂಡಸ್ಟ್ರಿಯಲ್ ಸಾಕೆಟ್. ಮೆಷಿನ್ ಆನ್ ಮಾಡಿದ ಕ್ಷಣ ಕೆಪಾಸಿಟರ್ ತುಂಬೋಕೆ ಒಮ್ಮೆಲೇ ಕರೆಂಟ್ ಎಳೆಯುತ್ತೆ, ಬಿ ಕರ್ವ್ ಆದರೆ ಅಷ್ಟಕ್ಕೇ ಬೀಳಬಹುದು. ಕರೆಂಟ್ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 1 ಅಥವಾ 2 ಕಿಲೋವ್ಯಾಟ್ ಇದ್ದರೆ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಂಡು ಆಮೇಲೆ ಈ ಕೆಲಸ ಮಾಡಿಸಿ. ಲೈನ್ ಎಳೆಯೋದು ಲೈಸೆನ್ಸ್ ಇರೋ ಕಂಟ್ರಾಕ್ಟರ್ ಕೈಲೇ ಆಗಲಿ.

ಅಲ್ಲಿಯವರೆಗೆ ಗೀಸರ್ ಸಾಕೆಟ್‌ನಲ್ಲೇ ನಡೆಸೋದಾದರೆ 90 ಆಂಪ್ ಒಳಗಿರಿ, ಆ ಹೊತ್ತು ಅದೇ ಲೈನಿನ ಮೇಲೆ ಬೇರೇನೂ ಓಡಬಾರದು. ಎಕ್ಸ್‌ಟೆನ್ಷನ್ ಡ್ರಮ್‌ನ ವೈರ್ 1 ಸ್ಕ್ವೇರ್ ಎಂಎಂ ಆಗಿದ್ದರೆ ಈ ಕೆಲಸಕ್ಕೆ ಬೇಡವೇ ಬೇಡ. 20 ಮೀಟರಿಗೆ, 25 ಆಂಪ್‌ನಲ್ಲಿ, ಅದೊಂದರಲ್ಲೇ 18 ವೋಲ್ಟ್ ಕಳೆದುಹೋಗುತ್ತೆ. 4 ಸ್ಕ್ವೇರ್‌ನಲ್ಲಾದರೆ 5 ವೋಲ್ಟೂ ಆಗಲ್ಲ. ಎಷ್ಟೇ ದಪ್ಪದ ವೈರ್ ಆದರೂ ಡ್ರಮ್‌ನಿಂದ ಪೂರಾ ಬಿಚ್ಚಿ ಹಾಸಬೇಕು. ಸುತ್ತಿಟ್ಟ ವೈರಿನ ಶಾಖಕ್ಕೆ ಹೊರಗೆ ಹೋಗೋಕೆ ದಾರಿ ಇರಲ್ಲ, ಒಳಗಿನ ಸುತ್ತು ಮೊದಲು ಕರಗುತ್ತೆ.

ಅರ್ಥಿಂಗ್ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ದುರ್ಗದ ನೆಲ ಕಲ್ಲು, ಮಣ್ಣು ತೆಳು, ಬೇಸಿಗೆಯಲ್ಲಿ ಒಣಗಿಬಿಡುತ್ತೆ. ಒಣ ಮಣ್ಣಿನಲ್ಲಿ ಅರ್ಥ್ ಪಿಟ್ ಇದ್ದೂ ಇಲ್ಲದ ಹಾಗೆ. ಅರ್ಥ್ ಟೆಸ್ಟರ್ ಇಟ್ಟು ಅಳೆಸಿ, 5 ಓಮ್ ಒಳಗೆ ಬರಲಿ. ಪಿಟ್‌ಗೆ ಬೇಸಿಗೆಯಲ್ಲಿ ನೀರು ಹಾಕ್ತಿರಿ, ಆಗಲೂ 5 ಓಮ್ ಒಳಗೆ ಬರದಿದ್ದರೆ ಇನ್ನೊಂದು ಪಿಟ್ ತೋಡಿಸಿ ಎರಡನ್ನೂ ಸೇರಿಸಿ. ಕೆಲವರು ಸಾಕೆಟ್‌ನಲ್ಲಿ ಅರ್ಥ್ ಪಿನ್ನನ್ನ ನ್ಯೂಟ್ರಲ್‌ಗೆ ಸೇರಿಸಿ ಬಿಡ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಮೆಷಿನ್ ಮೈಯೆಲ್ಲ 230 ವೋಲ್ಟ್ ಬರುತ್ತೆ. ಇನ್ನೊಂದು, ಜಾಬಿಗೆ ಕಚ್ಚಿಸೋ ಅರ್ಥ್ ಕ್ಲ್ಯಾಂಪೇ ಬೇರೆ, ಈ ಅರ್ಥಿಂಗೇ ಬೇರೆ. ಕ್ಲ್ಯಾಂಪ್ ಹಾಕಿದ್ದೀನಿ, ಪ್ಲಗ್ಗಿನ ಮೂರನೇ ಪಿನ್ ಯಾಕೆ ಅಂತ ಅದನ್ನ ಮುರಿಯಬೇಡಿ.

ಹೊಲದಲ್ಲಿ ಪಂಪ್‌ಸೆಟ್ ಸ್ಟಾರ್ಟರ್‌ನಿಂದ ಎರಡು ಫೇಸ್ ತಗೊಂಡು ಈ ಮೆಷಿನ್‌ಗೆ ಕೊಡೋದಂತೂ ಕೂಡದು. ಎರಡು ಫೇಸ್ ನಡುವೆ 415 ವೋಲ್ಟ್ ಇರುತ್ತೆ, ಸಿಂಗಲ್ ಫೇಸ್ ಮೆಷಿನ್ನಿನ ಕೆಪಾಸಿಟರ್ ಸಿಡಿಯುತ್ತೆ.

ಚಳ್ಳಕೆರೆ_ಗ್ರೈಂಡರ್

ಸುರಕ್ಷತೆ ಕೇಳಿದ್ದೀರಿ. ಕಣ್ಣು, ಹೊಗೆ, ಬೆಂಕಿ ಈ ಕ್ರಮದಲ್ಲಿ ಹೇಳ್ತೀನಿ.

ಹೆಲ್ಮೆಟ್ ಶೇಡ್ (ಗಾಜು ಎಷ್ಟು ಕಪ್ಪಾಗಬೇಕು ಅನ್ನೋ ನಂಬರ್) 100 ಆಂಪ್‌ವರೆಗೆ 10, ಅದರ ಮೇಲೆ 11. ಪ್ರತಿ ಸಲ ಕೆಲಸಕ್ಕೆ ಮುಂಚೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಗಾಜನ್ನ ಬಿಸಿಲಿಗೆ ತಿರುಗಿಸಿ, ಕಪ್ಪಾಗುತ್ತಾ ನೋಡಿ. ಆಗದಿದ್ದರೆ ಬ್ಯಾಟರಿ ಹೋಗಿದೆ ಅಥವಾ ಸೆನ್ಸರ್ ಮೇಲೆ ಕೊಳೆ ಕೂತಿದೆ. ಮೂಲೆಯಲ್ಲಿ ಬಗ್ಗಿ ಕೆಲಸ ಮಾಡುವಾಗ ಪೈಪು ಅಡ್ಡ ಬಂದು ಸೆನ್ಸರ್ ಮುಚ್ಚಿದರೂ ಗಾಜು ಕಪ್ಪಾಗಲ್ಲ. ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಇಲ್ಲವೇ ಕಣ್ಣು ಮುಚ್ಚಿ ಟ್ಯಾಕ್ (ಸಣ್ಣ ಚುಕ್ಕೆ ವೆಲ್ಡ್) ಹೊಡೆಯೋದು ಇಲ್ಲಿ ಎಲ್ಲ ಕಡೆ ನೋಡ್ತೀವಿ. ಒಂದೊಂದು ಟ್ಯಾಕೂ ಸೇರಿ ಸೇರಿ ಕಣ್ಣಿಗೆ ಪೆಟ್ಟು ಕೊಡುತ್ತೆ. ಆರ್ಕ್ ಬೆಳಕು ಹೊಡೆದದ್ದು ಆಗಲೇ ಗೊತ್ತಾಗಲ್ಲ, ಕೆಲವು ಗಂಟೆ ಕಳೆದು, ಹೆಚ್ಚಾಗಿ ರಾತ್ರಿ, ಕಣ್ಣೊಳಗೆ ಮರಳು ಬಿದ್ದ ಹಾಗೆ ಉರಿ, ನೀರು. ಆಗ ಆಲೂಗಡ್ಡೆ ಹೋಳು ಇಡೋದು, ಎದೆಹಾಲು ಬಿಡೋದು ಬೇಡ, ಸೋಂಕು ತಗಲಬಹುದು. ಮೆಡಿಕಲ್ ಶಾಪಿನಿಂದ ನೋವು ಮರಗಟ್ಟಿಸೋ ಡ್ರಾಪ್ಸ್ ತಂದು ಹಾಕಿಕೊಳ್ಳೋದೂ ಬೇಡ, ಗಾಯ ಮಾಯೋದು ತಡ ಆಗುತ್ತೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಮಕ್ಕಳು ಆರ್ಕ್ ಕಡೆ ನೋಡೇ ನೋಡ್ತಾರೆ, ಬೈದರೂ ನಿಲ್ಲಲ್ಲ. ಗಾಳಿಗೆ ಅಂತ ನಿಲ್ಲಿಸೋ ಶೀಟು ಮನೆ ಬಾಗಿಲ ಕಡೆಗೂ ಬರಲಿ, ಎರಡು ಕೆಲಸ ಒಂದರಲ್ಲೇ ಆಗುತ್ತೆ. ಸುಣ್ಣ ಬಳಿದ ಬಿಳಿ ಗೋಡೆ ಆ ಬೆಳಕನ್ನ ವಾಪಸ್ ಎಸೆಯುತ್ತೆ, ಅದೂ ತಲೆಯಲ್ಲಿರಲಿ.

ಬಟ್ಟೆ ದಪ್ಪ ಹತ್ತಿಯದ್ದು, ತುಂಬುತೋಳು, ಕೊರಳವರೆಗೆ ಗುಂಡಿ. ಟೆರಿಕಾಟ್, ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತೆ. ಪ್ಯಾಂಟಿನ ತುದಿ ಮಡಚಬೇಡಿ, ಕಿಡಿ ಅಲ್ಲೇ ಕೂರುತ್ತೆ. ಚರ್ಮದ ಬೂಟು ಹಾಕಿ, ಚಪ್ಪಲಿ ಬೇಡ. ಬೆವರಿಗೆ ಗ್ಲೌಸ್ ಒದ್ದೆ ಆದರೆ ಬದಲಾಯಿಸಿ, ಒದ್ದೆ ಚರ್ಮ ಕರೆಂಟ್ ತಡೆಯಲ್ಲ. ಹಾರ್ಟ್‌ಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಮೆಷಿನ್ ಮತ್ತು ಕೇಬಲ್ ಹತ್ತಿರ ಬರೋದು ಬೇಡ.

ಜಿಐ ಪೈಪ್ ಮೇಲಿರೋದು ಸತು. ಕಬ್ಬಿಣ ಕರಗೋದು 1500 ಡಿಗ್ರಿ ಆಸುಪಾಸಿನಲ್ಲಿ, ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತೆ. ಆ ಬಿಳಿ ಹೊಗೆ ಒಳಗೆ ಹೋದರೆ ಸಂಜೆಗೆ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಕಬ್ಬಿಣದ ರುಚಿ. ಮಲೇರಿಯಾ ಅಂದುಕೊಳ್ಳೋರೂ ಇದ್ದಾರೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಕರಗುತ್ತೆ ಅನ್ನೋ ಮಾತು ಶೆಡ್ಡುಗಳಲ್ಲಿ ನಡೆದುಬಂದಿದೆ, ಅದರಿಂದ ಏನೂ ತಡೆಯಲ್ಲ. ಹೊಗೆ ಹೋಗೋದು ಶ್ವಾಸಕೋಶಕ್ಕೆ, ಹಾಲು ಹೋಗೋದು ಹೊಟ್ಟೆಗೆ. ಜಾಯಿಂಟಿನ ಎರಡೂ ಕಡೆ 25ರಿಂದ 50 ಎಂಎಂ ಸತು ಗ್ರೈಂಡ್ ಮಾಡಿ ತೆಗೆಯಿರಿ, ಒಳಮೈಯಲ್ಲೂ ಸತು ಇರುತ್ತೆ, ಮರೆಯಬೇಡಿ. ಗಾಳಿ ಬೆನ್ನ ಹಿಂದಿನಿಂದ ಅಲ್ಲ, ಪಕ್ಕದಿಂದ ಹಾಯೋ ಹಾಗೆ ನಿಂತು, ತಲೆ ಹೊಗೆಯ ಕಂಬದ ಹೊರಗಿರಲಿ. ಹೆಲ್ಮೆಟ್ ಕೆಳಗೆ ಹಿಡಿಸೋ ಪಿ100 ಮಾಸ್ಕ್ ಹಾಕಿ, ಸಿಗದಿದ್ದರೆ ಕನಿಷ್ಠ ಎನ್95. ಮುಖಕ್ಕೆ ಟವೆಲ್ ಸುತ್ತಿದರೆ ಈ ಹೊಗೆ ನಿಲ್ಲಲ್ಲ.

ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಿದ ಕಬ್ಬಿಣಕ್ಕೆ ಆರ್ಕ್ ಹಚ್ಚಬೇಡಿ. ಕ್ಲೋರಿನ್ ಇರೋ ಜಾತಿಯದಾದರೆ ಫಾಸ್ಜೀನ್ ಅನ್ನೋ ವಿಷಗ್ಯಾಸ್ ಹುಟ್ಟುತ್ತೆ. ಸಂಪ್, ನೀರಿನ ತೊಟ್ಟಿಯೊಳಗೆ ಇಳಿದು ಸಿಓಟು ಮಿಗ್ ಮಾಡೋದೂ ಬೇಡ, ಗಾಳಿಗಿಂತ ಭಾರದ ಗ್ಯಾಸ್ ಅದು, ತಳದಲ್ಲಿ ತುಂಬಿಕೊಂಡು ಉಸಿರು ಕಟ್ಟುತ್ತೆ. ಡೀಸೆಲ್, ಪೆಟ್ರೋಲ್ ಇದ್ದ ಡ್ರಮ್ಮು, ಟ್ಯಾಂಕು ಖಾಲಿ ಇದ್ದರೂ, ತೊಳೆದಿದ್ದರೂ ಮುಟ್ಟಬೇಡಿ.

ಬೆಂಕಿ. ಕಿಡಿ 10 ಮೀಟರ್‌ವರೆಗೆ ಉರುಳಿಕೊಂಡು ಹೋಗುತ್ತೆ. ನಮ್ಮ ಕಡೆ ಹಿತ್ತಲಲ್ಲಿ ಶೇಂಗಾ ಹೊಟ್ಟು, ಮೆಕ್ಕೆಜೋಳದ ದಂಟು, ಗೋಣಿಚೀಲ ಏನಾದರೊಂದು ಇದ್ದೇ ಇರುತ್ತೆ. ಹೊಟ್ಟಿನೊಳಗೆ ಬಿದ್ದ ಕಿಡಿ ಹೊಗೆಯಾಡದೆ ಒಳಗೊಳಗೇ ಕಾದು, ಅರ್ಧ ಗಂಟೆ ಕಳೆದು ಹೊತ್ತಿಕೊಳ್ಳೋದುಂಟು. ಜಾಗ ಖಾಲಿ ಮಾಡಿ, ನೆಲಕ್ಕೆ ನೀರು ಚಿಮುಕಿಸಿ, ಆದರೆ ನೀವು ನಿಲ್ಲೋ ಜಾಗ ಒಣಗಿರಲಿ. ಮರಳಿನ ಬಕೆಟ್ಟು, ಬೆಂಕಿ ಆರಿಸೋ 4 ಅಥವಾ 6 ಕೆಜಿ ಎಬಿಸಿ ಪೌಡರ್ ಸಿಲಿಂಡರ್ ಕೈಗೆ ಸಿಗೋ ಕಡೆ ಇರಲಿ. ಕೆಲಸ ಮುಗಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ, ಆ ಹೊತ್ತಿಗೆ ಸಾಮಾನು ಎತ್ತಿಡಿ. ಕೊನೇ ಬೀಡ್ ಹೊಡೆದು ಊಟಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳಬೇಡಿ.

ಜೋಗಿಮಟ್ಟಿ_ರಸ್ತೆ

ಎಲ್ಲರಿಗೂ ಧನ್ಯವಾದ. ಟಾರ್ಚ್ ಮೈನಸ್‌ನಲ್ಲೇ ಇತ್ತು, ರೋಲರ್ ಹಲ್ಲಿನದೇ ಇತ್ತು. ಎರಡೂ ಬದಲಾಯಿಸಿ, ಶೀಟು ಅಡ್ಡ ನಿಲ್ಲಿಸಿ, ಗ್ಯಾಸ್ 11ಕ್ಕೆ ಇಟ್ಟೆ. 3 ಎಂಎಂ ಪಟ್ಟಿ ಮೇಲೆ ತೂತಿಲ್ಲದ ಬೀಡ್ ಬರ್ತಿದೆ, ಗೋಜಲೂ ಇಲ್ಲ. ಬೇರೆ ಲೈನಿಗೆ ಕಂಟ್ರಾಕ್ಟರ್‌ಗೆ ಹೇಳಿದ್ದೇನೆ.

ಈಗ ಗೇಟಿಗೆ 18 ಗೇಜ್ ಸ್ಕ್ವೇರ್ ಪೈಪ್ ಹಿಡಿದರೆ ಕರಗಿ ದೊಡ್ಡ ತೂತೇ ಬೀಳ್ತಿದೆ. ಸೆಟ್ಟಿಂಗ್ ಎಷ್ಟು ಇಡಬೇಕು? ರೊಟವೇಟರ್ ಬ್ಲೇಡ್ ಮುರಿದಿದ್ದೂ ಇದರಲ್ಲೇ ಕೂಡಿಸಬಹುದಾ?

ದಾವಣಗೆರೆ_ಶಟರ್

18 ಗೇಜ್ ಅಂದ್ರೆ 1.2 ಎಂಎಂ. ಉದ್ದ ಬೀಡ್ ಎಳೆಯೋ ಸಾಮಾನಲ್ಲ ಅದು. ಸಿಓಟು, 0.8 ವೈರ್‌ಗೆ 16 ವೋಲ್ಟು, 50ರಿಂದ 60 ಆಂಪ್. ಟ್ರಿಗರ್ ಒಂದು ಸೆಕೆಂಡ್ ಒತ್ತಿ ಬಿಡ್ರಿ, ಕೆಂಪು ಆರೋವರೆಗೆ ತಡೀರಿ, ಹಿಂದಿನ ಚುಕ್ಕೆಯ ಅಂಚಿಗೆ ಮುಂದಿನದು. ಎರಡು ಪೈಪಿನ ನಡುವೆ ಸಂದು ಇರಬಾರದು, ಕತ್ತರಿಸೋದು ಮೂಲೆಮಟ್ಟ ಹಿಡಿದು ನೇರ ಬರಲಿ. ತೆಳು ಪೈಪಿನಾಗ ತೂತು ಬೀಳೋದು ಹೆಚ್ಚಾಗಿ ಸಂದು ಇರೋ ಕಡೆಗೇ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದ್ರೆ ಶಾಖ ಎಳ್ಕೊಳ್ತದ, ವೈರ್ ತಾಮ್ರಕ್ಕೆ ಅಂಟೋದಿಲ್ಲ.

16 ಗೇಜ್, ಅಂದ್ರೆ 1.6 ಎಂಎಂಗೆ 17 ವೋಲ್ಟು, 70ರಿಂದ 80 ಆಂಪ್. 2 ಎಂಎಂಗೆ 18, 90ರ ಹತ್ತಿರ. 3 ಎಂಎಂಗೆ 19ರಿಂದ 19.5, 110ರಿಂದ 120. 5 ಎಂಎಂಗೆ 21 ದಾಟಿ 150, ಅದು ಹೊಸ ಲೈನ್ ಬಂದ ಮೇಲೆ. ಆರ್ಗಾನ್ ಮಿಕ್ಸ್ ಗ್ಯಾಸಿಗೆ ಹೋದ್ರೆ ಇದರಾಗ ಒಂದು ವೋಲ್ಟ್ ಕಡಿಮೆ ಮಾಡ್ರಿ. ತೆಳು ಪೈಪಿಗೆ ಮಿಕ್ಸ್ ಇನ್ನೂ ಮೆತ್ತಗೆ ನಡೆಯುತ್ತೆ, ಕಿಡಿ ಕಾಳು ಕಡಿಮೆ, ರೇಟು ಜಾಸ್ತಿ. ಗೇಟು ಗ್ರಿಲ್ಲಿಗೆ ಸಿಓಟು ಸಾಕು ಅನ್ನೋದು ನನ್ನ ಅಭಿಪ್ರಾಯ.

ಈ ಅಂಕಿ ಶುರುವಾತಿಗೆ ಮಾತ್ರ, ಆಮೇಲೆ ಕಿವಿಗೆ ಬಿಡ್ರಿ. ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗಿನ ಹಂಗ ಒಂದೇ ಸಮ ಚರಚರ ಅನ್ನಬೇಕು. ಟಪ್ ಟಪ್ ಅಂತ ಕುಟ್ಟಿ ಟಾರ್ಚ್ ಕೈಯನ್ನ ಹಿಂದಕ್ಕೆ ತಳ್ಳಿದ್ರೆ ವೈರ್ ಸ್ಪೀಡ್ ಜಾಸ್ತಿ ಅಥವಾ ವೋಲ್ಟ್ ಕಡಿಮೆ. ಬುಸ್ ಅಂತ ಸದ್ದು ಬಂದು ವೈರ್ ದೊಡ್ಡ ಗುಂಡಾಗಿ ಟಿಪ್‌ವರೆಗೆ ಕರಗಿದ್ರೆ ವೈರ್ ಸ್ಪೀಡ್ ಸಾಲದು. ಎರಡು ಡಯಲ್ ಒಟ್ಟಿಗೆ ತಿರುಗಿಸಬ್ಯಾಡ್ರಿ. ವೋಲ್ಟ್ ನಿಲ್ಲಿಸಿ ವೈರ್ ಸ್ಪೀಡ್ ಒಂದನ್ನೇ ಏರಿಸಿ ಇಳಿಸಿ ಹೊಂದಿಸ್ರಿ.

ಟಿಪ್‌ನಿಂದ ವೈರ್ 10ರಿಂದ 12 ಎಂಎಂ ಹೊರಗೆ. ಇದು 20 ಆದ್ರೆ ಆಂಪ್ ತಾನೇ ಇಳಿಯುತ್ತೆ, ಗ್ಯಾಸೂ ತಲುಪೋದಿಲ್ಲ. ಸಾಲಿಡ್ ವೈರಿಗೆ ಟಾರ್ಚ್ 10-15 ಡಿಗ್ರಿ ಓರೆ ಹಿಡಿದು ಮುಂದಕ್ಕೆ ತಳ್ಳಿಕೊಂಡು ಹೋಗ್ರಿ. ಫ್ಲಕ್ಸ್ ವೈರಿಗೆ ಹಿಂದಕ್ಕೆ ಎಳ್ಕೊಂಡು ಬರಬೇಕು, ಇಲ್ಲಾಂದ್ರೆ ಸ್ಲ್ಯಾಗ್ (ಕರಗಿದ ಫ್ಲಕ್ಸಿನ ಕಿಟ್ಟ) ಒಳಗೆ ಸಿಕ್ಕುತ್ತೆ.

ಗೇಟು ಸೊಟ್ಟ ಆಗದ ಹಾಗೆ ನಾಲ್ಕೂ ಮೂಲೆ ಮೊದಲು ಟ್ಯಾಕ್ ಹೊಡೆದು, ಎದುರುಬದುರು ಕರ್ಣ ಟೇಪ್‌ನಲ್ಲಿ ಅಳೆದು, ಎರಡೂ ಸಮ ಬಂದ ಮೇಲೆ ಫುಲ್ ವೆಲ್ಡ್. ಒಂದು ಮೂಲೆ ಮುಗಿಸಿ ಪಕ್ಕದ್ದಕ್ಕೆ ಹೋಗದೆ ಕರ್ಣದ ಎದುರು ಮೂಲೆಗೆ ಹೋಗ್ರಿ. ಡ್ಯೂಟಿ ಸೈಕಲ್ ಪ್ಲೇಟಿನ ಮೇಲೆ ಬರೆದಿರ್ತದ, 30% ಅಂದ್ರೆ ಆ ಆಂಪಿಗೆ ಹತ್ತು ನಿಮಿಷದಾಗ ಮೂರು ನಿಮಿಷ ಆರ್ಕ್. ಆದ್ಮೇಲೆ ಸ್ವಿಚ್ ಆಫ್ ಮಾಡಬ್ಯಾಡ್ರಿ, ಫ್ಯಾನ್ ಓಡ್ಲಿ.

ಆಷಾಢದ ಗಾಳಿಯಲ್ಲಿ ಗೇಟು ಕಂಬಕ್ಕೆ ಕೂರಿಸೋ ಕೆಲಸ ಬಂದ್ರೆ ಗ್ಯಾಸ್ ಹಚ್ಚಿ ಒದ್ದಾಡಬ್ಯಾಡ್ರಿ. ಇ71ಟಿ-ಜಿಎಸ್ ಫ್ಲಕ್ಸ್ ವೈರ್ ಒಂದು ಕೆಜಿ ಪ್ಲಾಸ್ಟಿಕ್ ಕವರಿನಾಗ ತೇವ ತಾಗದ ಹಾಗೆ ಇಟ್ಟಿರ್ರಿ. ಆಗ ಪೋಲಾರಿಟಿ ಮತ್ತು ರೋಲರ್ ಮತ್ತೆ ವಾಪಸ್ ತಿರುಗಿಸಬೇಕು.

ಹೊಳಲ್ಕೆರೆ_ಟ್ರ್ಯಾಕ್ಟರ್

ರೊಟವೇಟರ್ ಬ್ಲೇಡ್ ಬೆಸುಗೆ ಹಾಕಬೇಡಿ. ಅದು ಕಾಯಿಸಿ ಗಟ್ಟಿ ಮಾಡಿದ ಸ್ಟೀಲು, ಹೆಚ್ಚಾಗಿ ಬೋರಾನ್ ಸ್ಟೀಲ್. ವೆಲ್ಡ್ ಪಕ್ಕದ ಜಾಗ ತಟ್ಟನೆ ತಣ್ಣಗಾಗಿ ಗಾಜಿನಷ್ಟು ಗಡುಸಾಗುತ್ತೆ. ನೋಡೋಕೆ ಬೀಡ್ ಚೆನ್ನಾಗಿರುತ್ತೆ, ಕಲ್ಲು ತಾಗಿದ ತಕ್ಷಣ ಬೀಡ್ ಪಕ್ಕದಲ್ಲೇ ಕಡಿದು ಹಾರುತ್ತೆ. ಹಾರಿದ ತುಂಡು ಯಾರಿಗೆ ಬಡಿಯುತ್ತೋ ಹೇಳೋಕಾಗಲ್ಲ. ಹೊಸ ಬ್ಲೇಡ್ ಹಾಕಿ.

ಫ್ರೇಮು, ಸೈಡ್ ಪ್ಲೇಟು, ಟ್ರಾಲಿ ಡೋರು, ಬಂಪರ್ ಸಾದಾ ಎಂಎಸ್ (ಮೈಲ್ಡ್ ಸ್ಟೀಲ್), ಅವಕ್ಕೆ ಮಿಗ್ ಸರಿ. ಆದರೆ ರೊಟವೇಟರ್ ಬಿಚ್ಚದೆ ಅದರ ಮೇಲೇ ವೆಲ್ಡ್ ಮಾಡೋದಾದರೆ ಕ್ಲ್ಯಾಂಪನ್ನ ವೆಲ್ಡ್ ಜಾಗದ ಒಂದು ಅಡಿ ಒಳಗೆ, ಅದೇ ತುಂಡಿಗೆ ಕಚ್ಚಿಸಿ. ಕ್ಲ್ಯಾಂಪ್ ಒಂದು ಕಡೆ, ವೆಲ್ಡ್ ಬೇರಿಂಗ್‌ನ ಆಚೆ ಕಡೆ ಆದರೆ ಕರೆಂಟ್ ಬೇರಿಂಗ್ ಗುಂಡುಗಳ ಮೂಲಕ ಹಾದು ಸಣ್ಣ ಸಣ್ಣ ಚುಕ್ಕೆ ಸುಡುತ್ತೆ. ಕೆಲವೇ ದಿನದಲ್ಲಿ ಬೇರಿಂಗ್ ಸದ್ದು ಶುರುವಾಗುತ್ತೆ. ಟ್ರ್ಯಾಕ್ಟರ್‌ಗೆ ತಗುಲಿಸಿದ್ದರೆ ಬಿಚ್ಚಿ ದೂರ ಇಡಿ. ಟ್ರ್ಯಾಕ್ಟರ್ ಮೇಲೇ ವೆಲ್ಡ್ ಮಾಡೋ ಹಾಗಿದ್ದರೆ ಬ್ಯಾಟರಿ ಮೈನಸ್ ಮೊದಲು ತೆಗೆದು, ಆಮೇಲೆ ಪ್ಲಸ್ ತೆಗೆಯಿರಿ, ಆಲ್ಟರ್ನೇಟರ್ ವೈರ್‌ಗಳನ್ನೂ ಬಿಚ್ಚಿ. ಡೀಸೆಲ್ ಪೈಪು, ಹೈಡ್ರಾಲಿಕ್ ಹೋಸ್ ಹತ್ತಿರದಲ್ಲಿದ್ದರೆ ಒದ್ದೆ ಗೋಣಿ ಹೊದಿಸಿ.

ಕುಂಟೆಯ ತಾಳು, ಕಲ್ಟಿವೇಟರ್ ಟೈನ್ ಮುರಿದಿದ್ದರೆ ಅದೂ ಗಡುಸು ಸ್ಟೀಲೇ. ಬೇರೆ ದಾರಿ ಇಲ್ಲ ಅಂದಾಗ 200ರಿಂದ 250 ಡಿಗ್ರಿಗೆ ಮೊದಲು ಕಾಯಿಸಿ, ಓವನ್‌ನಲ್ಲಿ ಒಣಗಿಸಿದ 7018 ರಾಡ್‌ನಲ್ಲಿ ಮಾಡಿ, ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತು ಮಾರನೇ ದಿನ ತೆಗೆಯಿರಿ. ನೀರಿಗೆ ಅದ್ದಬೇಡಿ.